ರಿಲೀಫಿನ ಹಾಲು

2002ರಲ್ಲಿ ನಾವು ಲಾಸ್ ಏಂಜಲೀಸಿನ ಹತ್ತಿರದ ಪೊಮೊನಾದಲ್ಲಿ ಒಬ್ಬ ಮುದುಕಿಯ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದೆವು. ಇದ್ದದ್ದು ಒಂದೇ ಕೋಣೆ, ಅದರ ಮೂಲೆಯಲ್ಲಿ ಒಲೆ, ಬಟ್ಟೆಯ ಪರದೆಯಾಚೆ ಬಚ್ಚಲು. ಅದಕ್ಕೆ ಮೊದಲು ಸ್ಯಾನ್ ಡಿಯೇಗೋ ಪಕ್ಕದ ಪೊವೇಯಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದವರು ನಾವು. ನನ್ನ ಗಂಡ ಅಲ್ಲಿನ ಬಿಸಿನೆಸ್ ಪಾರ್ಕಿನ ಒಂದು ಕಂಪನಿಯಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಇಂಜಿನಿಯರ್ ಆಗಿದ್ದರು. ವಿಮಾನ ಬಡಿದು ನ್ಯೂಯಾರ್ಕಿನ ಗೋಪುರಗಳು ಉರುಳಿದ ಮೇಲೆ ಜನ ವಿಮಾನ ಹತ್ತುವುದನ್ನೇ ಬಿಟ್ಟರು, ಇವರ ಕಂಪನಿಗೆ ಬರುವ ಆರ್ಡರುಗಳು ನಿಂತವು. ಒಂದು ಮಧ್ಯಾಹ್ನ ಊಟದ ಹೊತ್ತಿಗೇ ಮನೆಗೆ ಬಂದು, ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಕುಳಿತರು. ನಾನು ಏನನ್ನೂ ಕೇಳಬೇಕಾಗಲಿಲ್ಲ.

ನಮ್ಮ ವೀಸಾ ಇದ್ದದ್ದು ಅವರ ನೌಕರಿಯ ಮೇಲೆ. ನೌಕರಿ ಹೋದ ಮೇಲಿನ ವಾರಗಳಲ್ಲಿ ನಾವು ಈ ದೇಶದಲ್ಲಿ ಯಾವ ಹಕ್ಕಿನಿಂದ ಇದ್ದೇವೆ ಎಂಬುದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಅಂಥದ್ದರಲ್ಲಿ ಪೊಮೊನಾದ ಒಂದು ಸಣ್ಣ ವರ್ಕ್‌ಶಾಪಿನವನು ಇವರನ್ನು ಅರ್ಧಕ್ಕೂ ಕಡಿಮೆ ಸಂಬಳಕ್ಕೆ ಕರೆದುಕೊಂಡ. ವೀಸಾಕ್ಕೆ ಅವನೇ ಅಪ್ಲೈ ಮಾಡಿದ. ಉತ್ತರ ಮಾತ್ರ ಬಂದಿರಲಿಲ್ಲ. ಆಸ್ಪತ್ರೆಯ ಖರ್ಚಿಗೆ ಇನ್ಶೂರೆನ್ಸ್ ಕೊಡುವಷ್ಟು ದೊಡ್ಡ ವರ್ಕ್‌ಶಾಪು ಅದಲ್ಲ. ನಾನು ಆಗ ಬಸುರಿ.

ಆ ದಿನಗಳ ಭಯಕ್ಕೆ ಒಂದೇ ಕಾರಣವಿರಲಿಲ್ಲ. ನಮ್ಮಂಥ ಮೈಬಣ್ಣದವರನ್ನು ಕಂಡರೆ ಜನ ಗೋಪುರ ಉರುಳಿಸಿದವರ ಕಡೆಯವರೇನೋ ಎಂಬಂತೆ ನೋಡುತ್ತಿದ್ದರು. ಗಂಡ ಗಡ್ಡ ಬಿಡುವುದನ್ನು ನಿಲ್ಲಿಸಿದರು. ನಾನು ಕುಂಕುಮ ಬಿಟ್ಟು ಸಣ್ಣ ಸ್ಟಿಕ್ಕರ್ ಹಚ್ಚತೊಡಗಿದೆ, ಆಮೇಲೆ ಅದನ್ನೂ ಬಿಟ್ಟೆ. ಅಂಗಡಿಯಲ್ಲಿ ಕನ್ನಡ ಮಾತಾಡುವಾಗ ನಮ್ಮ ದನಿ ತಾನಾಗಿಯೇ ಇಳಿಯುತ್ತಿತ್ತು. ರಸ್ತೆಯಲ್ಲಿ ಪೊಲೀಸ್ ಕಾರು ಹಿಂದೆ ಬಂದರೆ, ಅದು ನಮ್ಮನ್ನು ದಾಟಿ ಹೋಗುವ ತನಕ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಬಡವರಿಗೆಂದು ನಡೆಸುವ ಒಂದು ಕ್ಲಿನಿಕ್ಕಿಗೆ ನಾನು ತೋರಿಸಿಕೊಳ್ಳಲು ಹೋಗುತ್ತಿದ್ದೆ. ರಕ್ತ ಬಹಳ ಕಡಿಮೆಯಿದೆ, ಹೀಗೇ ಆದರೆ ಮಗುವಿಗೂ ನಿನಗೂ ಕಷ್ಟ ಎಂದು ಅಲ್ಲಿನ ನರ್ಸ್ ಎಚ್ಚರಿಸಿದಳು. ಬಸುರಿ ಹೆಂಗಸರಿಗೆ ಹಾಲು, ಮೊಟ್ಟೆ, ಕಾಳುಗಳಿಗೆ ಸರ್ಕಾರ ಕೂಪನ್ ಕೊಡುತ್ತದೆ, ಹೋಗಿ ಹೆಸರು ಬರೆಸು ಎಂದೂ ಹೇಳಿದಳು. ಆ ಭಾನುವಾರ ಬರ್ಬ್ಯಾಂಕಿನ ಒಬ್ಬ ಆಂಟಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಉಡುಪಿ ಕಡೆಯವರು, ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ದಾಟಿದವರು. ನಾನು ಕೂಪನ್ನಿನ ಮಾತೆತ್ತಿದೆ. ಬಡಿಸುತ್ತಿದ್ದ ಅವರ ಕೈ ಅಲ್ಲಿಗೇ ನಿಂತಿತು.

“ಅದನ್ನೆಲ್ಲ ಮುಟ್ಲಿಕ್ಕೇ ಹೋಗ್ಬೇಡ ಮಾರಾಯ್ತಿ. ಒಮ್ಮೆ ಸರ್ಕಾರದ ಹಾಲು ಕುಡಿದ್ರೆ ಮುಗೀತು, ನಿನ್ನ ಹೆಸರು ಅವರ ಹತ್ರ ಉಂಟು. ನಾಳೆ ನೀವು ಗ್ರೀನ್ ಕಾರ್ಡಿಗೆ ಅಪ್ಲೈ ಮಾಡುವಾಗ ತೆಗೆದು ತೋರಿಸ್ತಾರೆ, ಈ ಜನ ನಮ್ಮ ಮೇಲೆ ಭಾರ ಅಂತ.”

ವಾಪಸು ಬರುವಾಗ ಕಾರಿನಲ್ಲಿ ಗಂಡ ಹೇಳಿದರು. “ಕೇಳಿದಿ ಇಲ್ಲೋ? ಆ ಕೂಪನ್ ಸುದ್ದಿಗೆ ಹೋಗಬ್ಯಾಡ. ಹಾಲು ನಾನ ತರತೇನಿ.”

ಅವರು ತರುತ್ತಲೂ ಇದ್ದರು. ನಾನು ಅದಕ್ಕೆ ನೀರು ಬೆರೆಸಿ ಇಬ್ಬರಿಗೂ ಚಹಾ ಮಾಡುತ್ತಿದ್ದೆ.

ಮನೆಯೊಡತಿಯನ್ನು ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ. ಅರ್ಥ ಹೇಳಿದ ಮೇಲೆ ಅವರಿಗೆ ಆ ಶಬ್ದ ಹಿಡಿಸಿತು. ಅವರು ನನ್ನನ್ನು “ಮೀಹಾ” ಎನ್ನುತ್ತಿದ್ದರು. ಅವರ ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಮಗಳೇ ಎಂದು. ವಯಸ್ಸು ಎಂಬತ್ತರ ಹತ್ತಿರ. ಪೊಮೊನಾ ಸುತ್ತಲೂ ಕಿತ್ತಳೆ ತೋಟಗಳಿದ್ದ ಕಾಲದಲ್ಲಿ ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ, ಆಮೇಲೆ ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ಗಂಡನ ಜೊತೆ ಆ ಮನೆ ಕೊಂಡಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ನಾವು ಹೋಗುವ ಸ್ವಲ್ಪ ಮುಂಚೆ ಅಂಗಡಿಯಲ್ಲಿ ತಲೆಸುತ್ತಿ ಬಿದ್ದು ಆಸ್ಪತ್ರೆಗೆ ಸೇರಿದ್ದರಂತೆ. ಅಂದಿನಿಂದ ಕೋಲಿಲ್ಲದೆ ನಡೆಯಲು ಆಗುತ್ತಿರಲಿಲ್ಲ. ಹಾಗಾಗಿ ಬೆಳಗಿನ ಹೊತ್ತು ನಾನು ಹೋಗಿ ಅವರ ಪಾತ್ರೆ ತೊಳೆದುಕೊಟ್ಟು, ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದೆ.

ಒಂದು ಬೆಳಿಗ್ಗೆ ಇಬ್ಬರೂ ಅವರ ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆವು. ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಅಜ್ಜಿ ಕಿಟಕಿಯ ಪರದೆಯನ್ನು ಬೆರಳಿನಷ್ಟು ಸರಿಸಿ ನೋಡಿದರು. ನೋಡಿದವರೇ ಕೋಲನ್ನೂ ಮರೆತು ನನ್ನ ಮಣಿಕಟ್ಟು ಹಿಡಿದು, ಬಟ್ಟೆ ಒಗೆಯುವ ಮಷಿನ್ನಿದ್ದ ಹಿಂದಿನ ಗೂಡಿಗೆ ಎಳೆದುಕೊಂಡು ಹೋದರು. ಆ ಶಕ್ತಿ ಎಲ್ಲಿಂದ ಬಂತೋ. ನಾನು “ಯಾರು?” ಎಂದು ಕೇಳುವಷ್ಟರಲ್ಲಿ ಅವರ ಅಂಗೈ ನನ್ನ ಬಾಯಿಯ ಮೇಲಿತ್ತು.

ಬಾಗಿಲು ಬಡಿದದ್ದು ಒಬ್ಬ ಹೆಂಗಸು. ಬಹಳ ಮೆತ್ತಗಿನ ದನಿ. ಅಜ್ಜಿಯ ಹೆಸರು ಹಿಡಿದು ಕರೆದಳು. “ನಾನು ಕೌಂಟಿ ಆಫೀಸಿನಿಂದ ಬಂದಿದ್ದೇನೆ. ನೀವು ಬಿದ್ದದ್ದನ್ನು ಆಸ್ಪತ್ರೆಯವರು ನಮಗೆ ಹೇಳಿದರು. ಮನೆಯಲ್ಲಿ ನಿಮಗೆ ಏನಾದರೂ ಸಹಾಯ ಬೇಕಾ ಅಂತ ಕೇಳಿಹೋಗೋಣ ಅಂತ ಬಂದೆ, ಅಷ್ಟೇ.”

ಅಜ್ಜಿಯ ಎದೆಯ ಬಡಿತ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಕೌಂಟಿ ಎಂದರೆ ಜಿಲ್ಲೆಯ ಸರ್ಕಾರ. ನನಗೋ, ನಮ್ಮ ವಿಷಯ ಕೇಳಲು ಬಂದಿರಬಹುದಲ್ಲ ಎನಿಸಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಹೋದಳು ಅಂದುಕೊಂಡೆ. ಅಷ್ಟರಲ್ಲಿ ಮನೆಯ ಪಕ್ಕದ ಜಲ್ಲಿಕಲ್ಲಿನ ಮೇಲೆ ಹೆಜ್ಜೆಯ ಸಪ್ಪಳ. ನಾವು ಅಡಗಿದ್ದ ಗೂಡಿನ ಗೋಡೆಯ ಆಚೆಯಿಂದಲೇ ದಾಟಿ ಹಿತ್ತಲಿಗೆ, ನಮ್ಮ ಮನೆಯ ಕಡೆಗೆ ಹೋಯಿತು.

ಆಗ ನೆನಪಾಯಿತು, ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ. ಬಾಗಿಲನ್ನೂ ಹಾಕಿರಲಿಲ್ಲ.

“ಯಾರಾದರೂ ಇದ್ದೀರಾ? ನಿಮ್ಮ ಒಲೆ ಉರಿಯುತ್ತಿದೆ,” ಎಂದು ಅವಳು ಕೂಗಿದಳು. ಮತ್ತೊಮ್ಮೆ ಕೂಗಿದಳು. ಸೀದುಹೋಗುತ್ತಿದ್ದ ಬೇಳೆಯ ವಾಸನೆ ನಮ್ಮವರೆಗೂ ಬಂತು. ನನಗೆ ಓಡಿ ಹೋಗಬೇಕೆನಿಸಿತು, ಆದರೆ ಅಜ್ಜಿಯ ಹಿಡಿತ ಸಡಿಲವಾಗಲಿಲ್ಲ. ಕೊನೆಗೆ ಹೆಜ್ಜೆಗಳು ಹಿಂದಿರುಗಿದವು, ಕಾರು ಹೊರಟುಹೋಯಿತು. ಹೋಗಿ ನೋಡಿದರೆ ಒಲೆ ಆರಿತ್ತು, ಪಾತ್ರೆ ಕೆಳಗಿಳಿದು ಒಲೆಯ ಪಕ್ಕದ ಕಟ್ಟೆಯ ಮೇಲಿತ್ತು. ಬಂದವಳು ನಮ್ಮ ಕೋಣೆಯೊಳಗೆ ಕಾಲಿಟ್ಟಿದ್ದಳು. ದೇವರ ಪಟ, ಹಾಸಿಗೆ, ಹಗ್ಗದ ಮೇಲಿನ ನನ್ನ ಸೀರೆ, ಎಲ್ಲವನ್ನೂ ನೋಡಿದ್ದಳು. ಅವಳು ಮಾಡಿದ್ದು ಉಪಕಾರವೇ. ಆದರೂ ನಾನು ಬಾಗಿಲಿಗೆ ಚಿಲಕ ಹಾಕಿ, ಹಾಸಿಗೆಯ ಮೇಲೆ ಕುಳಿತು ಅತ್ತುಬಿಟ್ಟೆ.

ಮಧ್ಯಾಹ್ನ ಅಜ್ಜಿ ನನ್ನನ್ನು ಕರೆದರು. ಹುರುಳಿಕಾಯಿ ಹಾಗೇ ಬಿದ್ದಿತ್ತು.

“ಬೈಯುವವರಿಗೆ ನಾನು ಹೆದರುವವಳಲ್ಲ,” ಎಂದರು. “ಕಾರ್ಖಾನೆಯಲ್ಲಿ ಮೇಸ್ತ್ರಿಗಳ ಜೊತೆ ಬೇಕಾದಷ್ಟು ಜಗಳ ಆಡಿದ್ದೇನೆ. ಆದರೆ ಇಂಥ ಮೆತ್ತಗಿನ ದನಿ ಕೇಳಿದರೆ ನಾನು ಮತ್ತೆ ಎಂಟು ವರ್ಷದ ಹುಡುಗಿ ಆಗಿಬಿಡುತ್ತೇನೆ ಮೀಹಾ.”

ಅವರು ಹೇಳಿದ್ದು ಇದು. ಅವರು ಹುಟ್ಟಿದ್ದು ಲಾಸ್ ಏಂಜಲೀಸಿನಲ್ಲಿ. ತಂದೆ ತಾಯಿ ಮೆಕ್ಸಿಕೋದಿಂದ ಬಂದವರು, ತಂದೆಗೆ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ. ದೇಶದಲ್ಲೆಲ್ಲ ಕೆಲಸಗಳು ಮುಳುಗಿದ ಆ ಮೂವತ್ತರ ದಶಕದ ಶುರುವಿನಲ್ಲಿ ಮನೆ ಕಟ್ಟುವವರಿಲ್ಲ, ಇಟ್ಟಿಗೆ ಕೇಳುವವರಿಲ್ಲ. ಭಟ್ಟಿ ಮುಚ್ಚಿತು. ತಂದೆ ಬೆಳಿಗ್ಗೆ ಎದ್ದು ತರಕಾರಿ ಮಾರ್ಕೆಟ್ಟಿನ ಹಿಂದೆ ಬಿಸಾಡಿದ ಎಲೆಕೋಸಿನ ಹೊರ ಎಲೆಗಳನ್ನು ಆರಿಸಿ ತರುತ್ತಿದ್ದರಂತೆ. ತಾಯಿ ಬಸುರಿ. ಅವರ ಮುಖ ಬಿಳುಚಿಕೊಂಡು, ಕಾಲು ಊದಿಕೊಂಡಾಗ ತಂದೆ ಬಡವರಿಗೆ ನೆರವು ಕೊಡುವ ಕೌಂಟಿಯ ರಿಲೀಫ್ ಆಫೀಸಿಗೆ ಹೋಗಿ ಹೆಸರು ಬರೆಸಿದರು. ಹಿಟ್ಟು, ಬೀನ್ಸು, ಹಾಲು ಸಿಗತೊಡಗಿತು. ಅದಕ್ಕೆ ಬದಲಾಗಿ ತಂದೆ ರಸ್ತೆ ಬದಿಯ ಕಳೆ ಕೀಳಬೇಕಿತ್ತು. ಓಣಿಯವರು ನೋಡಬಾರದೆಂದು ಹಿಟ್ಟಿನ ಚೀಲದ ಮೇಲೆ ತಮ್ಮ ಕೋಟು ಮುಚ್ಚಿಕೊಂಡು ಬರುತ್ತಿದ್ದರು.

“ಆಫೀಸಿನಿಂದ ಒಬ್ಬಳು ಬರುತ್ತಿದ್ದಳು, ಹಸಿರು ಟೋಪಿ ಹಾಕಿಕೊಂಡು. ಅವಳ ಕಾರು ಓಣಿಗೆ ಬಂದರೆ ಎಲ್ಲರ ಮನೆಯ ಕಿಟಕಿಗಳೂ ಮುಚ್ಚುತ್ತಿದ್ದವು. ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ನೋಡುವಳು. ಎಷ್ಟು ಒಳ್ಳೆಯ ಮಾತು ಅಂತೀಯ! ನನ್ನ ಜಡೆ ಮುಟ್ಟಿ ಚೆಂದ ಇದೆ ಅನ್ನುವಳು. ಅಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಆರಾಮಾ ಅಂತ ಕೇಳುವಳು. ಚಳಿಗಾಲವೆಲ್ಲ ನಾವು ಅವಳ ಹಾಲು ಕುಡಿದೆವು. ಆಮೇಲೆ ಒಂದು ದಿನ ಅದೇ ನಗುಮುಖದಲ್ಲಿ ಬಂದು ರೈಲಿನ ಟಿಕೆಟ್ ಮೇಜಿನ ಮೇಲಿಟ್ಟಳು. ಮೆಕ್ಸಿಕೋದಲ್ಲಿ ನಿಮ್ಮವರ ನಡುವೆ ನಿಮಗೆ ಸುಖ, ಇಲ್ಲಿ ಇನ್ನು ಹಾಲು ಇಲ್ಲ ಅಂದಳು.”

“ನೀವು ಇಲ್ಲೇ ಹುಟ್ಟಿದವರಲ್ಲವಾ?”

“ಅಪ್ಪನೂ ಅದನ್ನೇ ಹೇಳಿದ. ಅದಕ್ಕವಳು, ಮಕ್ಕಳು ಬೇಕಾದರೆ ಇಲ್ಲೇ ಇರಲಿ, ಅನಾಥಾಶ್ರಮ ಇದೆಯಲ್ಲ ಅಂದಳು. ಆ ಮಾತನ್ನೂ ಮೆತ್ತಗೇ ಆಡಿದಳು.”

ಸ್ಟೇಷನ್ನಿನಲ್ಲಿ ಅವರ ಓಣಿಯ ಅರ್ಧ ಜನರಿದ್ದರಂತೆ. ಒಬ್ಬರು ಕೋಳಿಯ ಬುಟ್ಟಿ ತಂದಿದ್ದರು, ಒಬ್ಬರು ಹೊಲಿಗೆ ಯಂತ್ರ ಹೊತ್ತಿದ್ದರು. ಗಡಿ ದಾಟಿ, ಹಿಂದೆಂದೂ ಕಾಣದ ದೊಡ್ಡಪ್ಪನ ಊರಿನಲ್ಲಿ ತಾಯಿ ಹೆತ್ತರು. ಮಗುವಿಗೆ ಹಲ್ಲು ಬರುವ ಮೊದಲೇ ಅದು ಹೋಯಿತು. ಅಜ್ಜಿ ಈ ದೇಶಕ್ಕೆ ತಿರುಗಿ ಬಂದದ್ದು ಪ್ರಾಯಕ್ಕೆ ಬಂದ ಮೇಲೆ, ಒಬ್ಬರೇ. ಅಂದಿನಿಂದ ತಮ್ಮ ಸಂಬಳದಲ್ಲಿ ಹಿಡಿದ ಪಿಂಚಣಿ ಬಿಟ್ಟು ಬೇರೆ ಏನನ್ನೂ ಸರ್ಕಾರದಿಂದ ಪಡೆದವರಲ್ಲ. ತಮ್ಮ ಜನನ ಪತ್ರವನ್ನು ಬಟ್ಟೆಯ ಚೀಲದಲ್ಲಿ ಹಾಕಿ ರವಿಕೆಯೊಳಗೆ ಇಟ್ಟುಕೊಂಡೇ ಮಲಗುತ್ತಿದ್ದರು.

ಕಥೆ ಕೇಳಿ ನನ್ನ ಭಯ ಕಡಿಮೆಯಾಗಲಿಲ್ಲ, ಅದಕ್ಕೆ ಬೇರು ಸಿಕ್ಕಿತು. ಬರ್ಬ್ಯಾಂಕಿನ ಆಂಟಿ ಹೇಳಿದ್ದು ಸುಮ್ಮನೆ ಅಲ್ಲ, ಇಂಥದ್ದು ಇದೇ ಊರಿನ ಹತ್ತಿರ, ಈ ಎದುರಿಗೆ ಕುಳಿತ ಹೆಂಗಸಿಗೇ ಆಗಿತ್ತು. ಕ್ಲಿನಿಕ್ಕಿಗೆ ಹೋಗುವುದನ್ನೂ ನಿಲ್ಲಿಸಿಬಿಟ್ಟೆ.

ಬೇಸಿಗೆ ಬಂತು. ಪೊಮೊನಾದ ಬಿಸಿಲು ಸ್ಯಾನ್ ಡಿಯೇಗೋದ್ದರಂತಲ್ಲ, ನೆತ್ತಿ ಸುಡುತ್ತದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳಿಗೆ ಹಗ್ಗ ಎರಡಾಗಿ ಕಂಡಿತು. ಆಮೇಲೆ ನೆನಪಿರುವುದು ಮುಖದ ಮೇಲೆ ಬಿದ್ದ ತಣ್ಣನೆಯ ನೀರು. ಅಜ್ಜಿ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಆಮೇಲೆ ಕೈ ನನ್ನ ಪಾದಕ್ಕೆ ಹೋಯಿತು. ಒತ್ತಿದಲ್ಲಿ ಗುಳಿ ಬಿತ್ತು.

“ಅಮ್ಮನ ಕಾಲೂ ಹೀಗೇ ಇತ್ತು,” ಎಂದರು. ನೀರಿನ ಲೋಟವನ್ನು ನನ್ನ ಬಾಯಿಗೆ ಹಿಡಿದು ಕೇಳಿದರು. “ಕ್ಲಿನಿಕ್ಕಿನವರು ಏನು ತಿನ್ನಲು ಹೇಳಿದ್ದಾರೆ?”

ನಾನು ಕೂಪನ್ನಿನ ವಿಷಯ ಹೇಳಿದೆ. ಹೋಗುವುದಿಲ್ಲ ಎಂದೂ ಹೇಳಿದೆ. “ನೀವೇ ಹೇಳಿದಿರಲ್ಲ ಅಜ್ಜಿ. ಹಾಲು ಕೊಟ್ಟು ಆಮೇಲೆ ರೈಲು ಹತ್ತಿಸಿದರು ಅಂತ.”

“ಹೌದು, ಹತ್ತಿಸಿದರು. ಆದರೆ ಆ ಚಳಿಗಾಲ ಹಾಲಿಲ್ಲದಿದ್ದರೆ ಅಮ್ಮ ಆ ರೈಲು ಹತ್ತಲೂ ಇರುತ್ತಿರಲಿಲ್ಲ.” ಕೋಲೂರಿ ಎದ್ದರು. “ಚಪ್ಪಲಿ ಹಾಕಿಕೋ. ನಾನೂ ಬರುತ್ತೇನೆ.”

ಬಸ್ಸಿನಲ್ಲಿ ಹೋದೆವು. ಆ ಬಿಸಿಲಿನಲ್ಲೂ ಅಜ್ಜಿ ಒಳ್ಳೆಯ ಕೋಟು ಹಾಕಿ, ಕಿವಿಗೆ ಮುತ್ತಿನ ಓಲೆ ಇಟ್ಟಿದ್ದರು. ಕೂಪನ್ ಕೊಡುವ ಆಫೀಸಿನ ಗಾಜಿನ ಬಾಗಿಲ ಮುಂದೆ ಅವರ ಕಾಲು ನಿಂತುಬಿಟ್ಟಿತು. ಜನ ನಮ್ಮನ್ನು ಸುತ್ತಿ ಒಳಗೆ ಹೋಗುತ್ತಿದ್ದರು. “ಬೇಡ ಅಜ್ಜಿ, ಮನೆಗೆ ಹೋಗೋಣ,” ಎಂದೆ. ಆ ಕ್ಷಣ ಹಾಗೇ ಆಗಲಿ ಎಂಬ ಆಸೆ ನನಗೂ ಇತ್ತು. ಅವರು ಶಿಲುಬೆಯ ಗುರುತು ಮಾಡಿಕೊಂಡು, ಭುಜದಿಂದ ಬಾಗಿಲು ನೂಕಿದರು.

ನಮ್ಮ ಸರದಿ ಬಂದಾಗ ಮೇಜಿನ ಆಚೆ ಇದ್ದವಳು ನನ್ನದೇ ವಯಸ್ಸಿನ ಹುಡುಗಿ. ಅವಳು ನಗುತ್ತಾ ಕುಳಿತುಕೊಳ್ಳಿ ಎಂದಳು. ಅಜ್ಜಿ ಕುಳಿತುಕೊಳ್ಳಲಿಲ್ಲ.

“ಮೊದಲು ಒಂದು ಮಾತು ಹೇಳು. ಈ ಹುಡುಗಿ ಹೆಸರು ಬರೆದರೆ ಇವಳನ್ನು ವಾಪಸು ಕಳಿಸುತ್ತೀರಾ?”

“ಇಲ್ಲಮ್ಮ. ವೀಸಾ ವಿಷಯ ನಾವು ಕೇಳುವುದೂ ಇಲ್ಲ, ಯಾರಿಗೂ ಹೇಳುವುದೂ ಇಲ್ಲ. ಇದು ಬರೀ ಊಟದ್ದು.”

“ನಮಗೂ ಬರೀ ಊಟದ್ದು ಅಂತಲೇ ಹೇಳಿದ್ದರು,” ಎಂದು ಅಜ್ಜಿ ಜೋರಾಗಿಯೇ ಅಂದರು. ಸುತ್ತ ಕುಳಿತಿದ್ದ ಹೆಂಗಸರು ತಿರುಗಿ ನೋಡಿದರು. ಹುಡುಗಿಯ ನಗು ಹೋಯಿತು. ಅವಳಿಗೆ ಅರ್ಥವಾಗಿತ್ತು. “ನಮ್ಮ ಮುತ್ತಜ್ಜಿಯ ಮನೆಯವರಿಗೂ ಹಾಗಾಗಿತ್ತಂತೆ,” ಎಂದು ತಗ್ಗಿದ ದನಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಅಜ್ಜಿ ಆಮೇಲೆ ನನಗೆ ಅದರ ಅರ್ಥ ಹೇಳಿದ್ದು. ನಾನು ಸಹಿ ಮಾಡುವಾಗ ಪೆನ್ನು ಕೈಯಿಂದ ಜಾರಿ ಬಿತ್ತು. ಎತ್ತಿಕೊಟ್ಟವರು ಅಜ್ಜಿ.

ಗಂಡನಿಗೆ ಹೇಳಿರಲಿಲ್ಲ. ಫ್ರಿಜ್ ತೆಗೆದವರು ಹಾಲು, ಮೊಟ್ಟೆ, ಚೀಸ್ ನೋಡಿ ನನ್ನ ಕಡೆ ತಿರುಗಿದರು. “ಇದೆಲ್ಲ ಎಲ್ಲಿಂದ ಬಂತು?” ನಾನು ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಕಿಟಕಿಯ ಪರದೆ ಎಳೆದರು. ಆಮೇಲೆ ಗೋಡೆಗೊರಗಿ ಕುಳಿತು, “ಇನ್ನ ಆದಂಗಾಗಲಿ. ನೀ ಕುಡಿ,” ಎಂದರು. ತಾವು ಮಾತ್ರ ಆ ಹಾಲನ್ನು ಮುಟ್ಟಲಿಲ್ಲ. ಮಗು ಹುಟ್ಟುವ ತನಕ ಕರಿ ಚಹಾ ಕುಡಿದರು.

ಮುಂದಿನ ತಿಂಗಳುಗಳು ಬಹಳ ಕೆಟ್ಟವು. ನನ್ನ ಮೈಗೆ ರಕ್ತ ಬಂತು, ಮನಸ್ಸಿಗೆ ನೆಮ್ಮದಿ ಬರಲಿಲ್ಲ. ಬಿಳಿ ವ್ಯಾನು ಓಣಿಯಲ್ಲಿ ನಿಂತರೆ, ವೀಸಾದವರು ನಮ್ಮನ್ನು ಹಿಡಿಯಲು ಬಂದರೆಂದು ದೀಪ ಆರಿಸಿ ಕುಳಿತುಬಿಡುತ್ತಿದ್ದೆ. ಖಾಲಿ ಹಾಲಿನ ಡಬ್ಬಗಳನ್ನು ನಮ್ಮ ಕಸದ ಬುಟ್ಟಿಗೆ ಹಾಕದೆ, ನಡೆದುಹೋಗಿ ಅಂಗಡಿಯ ಹಿಂದಿನ ಬುಟ್ಟಿಗೆ ಎಸೆದು ಬರುತ್ತಿದ್ದೆ. ಮಗಳು ಹುಟ್ಟಿದಳು. ಗಟ್ಟಿಯಾಗಿಯೇ ಇದ್ದಳು. ಅಜ್ಜಿ ಅವಳನ್ನು ಎತ್ತಿಕೊಂಡು, ಬಾಯಿಯೊಳಗೆ ಬೆರಳಾಡಿಸಿ ವಸಡು ಮುಟ್ಟಿ ನೋಡುತ್ತಿದ್ದರು. ಮೊದಲ ಹಲ್ಲು ಮೂಡಿದ ದಿನ ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಅಷ್ಟರಲ್ಲಿ ವೀಸಾ ಕೂಡ ಬಂದಿತ್ತು.

ಮರುವರ್ಷ ಅಜ್ಜಿ ಬಚ್ಚಲಲ್ಲಿ ಮತ್ತೆ ಬಿದ್ದರು. ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದು ನಾನೇ. ಮಾಡಬೇಡ ಎಂದು ಅವರು ನೆಲದ ಮೇಲಿಂದಲೇ ಕೈಮುಗಿದು ಬೇಡಿದರು, ನಾನು ಕೇಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೌಂಟಿಯ ಆ ಮೆತ್ತಗಿನ ದನಿಯವಳು ಮತ್ತೆ ಬಾಗಿಲು ಬಡಿದಳು. ನಾನು ಅಜ್ಜಿಯ ಮುಖ ನೋಡಿದೆ. ಅವರು ರವಿಕೆಯೊಳಗಿಂದ ಜನನ ಪತ್ರ ತೆಗೆದು ತೊಡೆಯ ಮೇಲೆ ಹರಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತರು.

“ತೆಗಿ. ಆದರೆ ನೀನು ಇಲ್ಲೇ ನಿಂತಿರು.”

ಬಂದವಳು ಆ ಪತ್ರವನ್ನು ಕೇಳಲೇ ಇಲ್ಲ. ಅವಳು ಕೇಳಿದ್ದು ಸ್ನಾನಕ್ಕೆ ಯಾರು ನೀರು ಹಾಕುತ್ತಾರೆ, ಅಡುಗೆ ಯಾರು ಮಾಡುತ್ತಾರೆ ಎಂದು. ಅಜ್ಜಿಯ ಪರವಾಗಿ ಎಲ್ಲವನ್ನೂ ನಾನೇ ಹೇಳಿದೆ. ಅವಳು ಎದ್ದು ಹೋಗುವ ತನಕ ಆ ಕಾಗದದ ಮೇಲಿಂದ ಅವರ ಎರಡು ಕೈಗಳೂ ಏಳಲಿಲ್ಲ. ವಾರದೊಳಗೆ ಮನೆಗೆಲಸಕ್ಕೆ ನೆರವಿನ ಹೆಂಗಸೊಬ್ಬಳು ಬರತೊಡಗಿದಳು. ಮೊದಮೊದಲು ಅಜ್ಜಿ ಅವಳು ಯಾವ ಡಬ್ಬಿ ಮುಟ್ಟಿದರೂ ಹಿಂದೆಯೇ ನಿಂತು ನೋಡುತ್ತಿದ್ದರು. ದಿನ ಕಳೆದ ಹಾಗೆ ಅವಳ ಜೊತೆ ಇಸ್ಪೀಟು ಆಡತೊಡಗಿದರು. ಪೂರ್ತಿ ನಂಬಿದರು ಎಂದು ನಾನು ಹೇಳಲಾರೆ.

2005ರಲ್ಲಿ ಗಂಡನಿಗೆ ಪೊವೇಯಲ್ಲೇ ಒಳ್ಳೆಯ ಕೆಲಸ ಸಿಕ್ಕಿ ನಾವು ಸ್ಯಾನ್ ಡಿಯೇಗೋ ಕಡೆಗೆ ಮರಳಿದೆವು. ಮುಂದಿನ ವರ್ಷ ಗ್ರೀನ್ ಕಾರ್ಡಿನ ಇಂಟರ್ವ್ಯೂನಲ್ಲಿ ಅಧಿಕಾರಿ, ಸರ್ಕಾರದ ನೆರವು ಪಡೆದಿದ್ದೀರಾ ಎಂದು ಕೇಳಿಯೇ ಕೇಳಿದ. ಗಂಡ ನೆಲ ನೋಡಿದರು. “ಬಸುರಿಯಿದ್ದಾಗ ಹಾಲು, ಮೊಟ್ಟೆ,” ಎಂದೆ. “ಅದು ಲೆಕ್ಕಕ್ಕಿಲ್ಲ,” ಎಂದು ಅವನು ಮುಂದಿನ ಪ್ರಶ್ನೆಗೆ ಹೋದ. ಹೊರಗೆ ಪಾರ್ಕಿಂಗ್ ಲಾಟಿಗೆ ಬಂದು ಗಂಡ ಕಾರಿನ ಸ್ಟಿಯರಿಂಗಿಗೆ ಹಣೆ ಹಚ್ಚಿದರು. “ನಾಕು ವರ್ಷ ನಾನು ಸುಮ್ನ ಅಂಜಿ ಸತ್ತೆನಲ್ಲೇ,” ಎಂದರು.

ಅಜ್ಜಿ ಮರುವರ್ಷ ತೀರಿಕೊಂಡರು. ಫೋನ್ ಮಾಡಿ ಹೇಳಿದವಳು ಆ ನೆರವಿನ ಹೆಂಗಸೇ. ನಾವು ಮೂವರೂ ಹೋಗಿದ್ದೆವು. ಚರ್ಚಿನಲ್ಲಿ ಮನೆಯವರು ಕೂರುವ ಸಾಲು ಖಾಲಿಯಿತ್ತು, ಅವಳು ನಮ್ಮನ್ನು ಕರೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

2008ರ ಕೊನೆಗೆ ಸುತ್ತಮುತ್ತಲಿನ ಕಂಪನಿಗಳಲ್ಲಿ ಮತ್ತೆ ಜನರನ್ನು ತೆಗೆಯತೊಡಗಿದರು. ಒಂದು ಪೂಜೆಯ ಊಟದಲ್ಲಿ, ಕೆಲಸ ಕಳೆದುಕೊಂಡ ಗುಲಬರ್ಗಾ ಕಡೆಯ ಹುಡುಗನೊಬ್ಬ ಬಸುರಿ ಹೆಂಡತಿಯ ಜೊತೆ ನಮ್ಮೆದುರು ಕುಳಿತಿದ್ದ. ಅವಳು ಏನನ್ನೂ ಸರಿಯಾಗಿ ತಿನ್ನುತ್ತಿರಲಿಲ್ಲ. ನಾನು ಕ್ಲಿನಿಕ್ಕು, ಕೂಪನ್ನು ಎಲ್ಲ ಹೇಳಿದೆ. “ಹೋಗಿ ತಗೋರಿ,” ಎಂದು ನನ್ನ ಗಂಡನೂ ಒತ್ತಾಯ ಮಾಡಿದರು. ಹುಡುಗ ಹೌದೌದು ಎಂದು ತಲೆಯಾಡಿಸಿದ. ಆಮೇಲೆ ಹೆಂಡತಿಯ ಕಡೆ ಒಮ್ಮೆ ನೋಡಿ, ಪಕ್ಕದ ಟೇಬಲ್ಲಿನವರಿಗೆ ನಮ್ಮ ಮಾತು ಕೇಳಿಸಿತೇ ಎಂದು ಕಣ್ಣಿನ ಅಂಚಿನಲ್ಲೇ ಗಮನಿಸಿದ. ಅವರು ಕೂಪನ್ನಿಗೆ ಹೋದರೋ ಇಲ್ಲವೋ ನನಗೆ ತಿಳಿಯಲಿಲ್ಲ.